ಮಕ್ಕಳ ಪಕ್ಕ ಕೂತು ಓದುವ ಒಂದು ಶನಿವಾರ

ಬಿಳಿಗೆರೆ ಮತ್ತು ಸುತ್ತಲ ಹಳ್ಳಿಗಳ ಸರ್ಕಾರಿ ಪ್ರಾಥಮಿಕ ಶಾಲೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರಿಗೆ, ತಂದೆ ತಾಯಂದಿರಿಗೆ, ಹಳೆಯ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ



2024ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಕನ್ನಡದಲ್ಲಿ ಕೃಷ್ಣಮೂರ್ತಿ ಬಿಳಿಗೆರೆಯವರ 'ಛೂಮಂತ್ರಯ್ಯನ ಕಥೆಗಳು' ಪುಸ್ತಕಕ್ಕೆ ಬಂತು. ಅದರ ಹಿಂದಿನ ವರ್ಷ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್', ಅದಕ್ಕೂ ಹಿಂದೆ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ' ಇದೇ ಪುರಸ್ಕಾರ ಪಡೆದಿದ್ದವು. ಅಂಥ ಪುಸ್ತಕಗಳ ಸಾಲಿನಲ್ಲಿ ನಮ್ಮೂರಿನ ಹೆಸರೂ ಸೇರಿಕೊಂಡಿತು. ನಮಗೆಲ್ಲ ಹೆಮ್ಮೆಯಾಯಿತು, ಆಗಬೇಕಾದದ್ದೇ.

ಆ ಹೆಮ್ಮೆಯ ಜೊತೆಗೇ ಒಂದು ಪ್ರಶ್ನೆಯನ್ನೂ ನಾವು ಕೇಳಿಕೊಳ್ಳಬೇಕು. ಊರಿನ ಹೆಸರು ಹೊತ್ತ ಆ ಪುಸ್ತಕವನ್ನು ನಮ್ಮ ಎರಡನೇ ತರಗತಿಯ, ನಾಲ್ಕನೇ ತರಗತಿಯ ಎಷ್ಟು ಮಕ್ಕಳು ಕೈಯಲ್ಲಿ ಹಿಡಿದಿದ್ದಾರೆ? ಎಷ್ಟು ಮಕ್ಕಳಿಗೆ ಯಾರಾದರೂ ದೊಡ್ಡವರು ಪಕ್ಕದಲ್ಲಿ ಕೂತು ಅದರಿಂದ ಒಂದು ಕಥೆ ಓದಿ ಹೇಳಿದ್ದಾರೆ? ಇದನ್ನು ನಾನು ಮೇಷ್ಟ್ರುಗಳಿಗೆ, ಮೇಡಂಗಳಿಗೆ ಕೇಳುತ್ತಿಲ್ಲ. ಊರಿಗೆ ಕೇಳುತ್ತಿದ್ದೇನೆ. ಪಾಠ ಮಾಡುವುದು ಶಾಲೆಯ ಕೆಲಸ. ಮಗುವಿಗೆ ಪುಸ್ತಕದ ರುಚಿ ಹತ್ತಿಸುವ ಕೆಲಸ ಶಾಲೆಯೊಂದರಿಂದ ಆಗುವಂಥದ್ದಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು: ಸೆಪ್ಟೆಂಬರ್ ತಿಂಗಳ ಮೂರನೇ ಶನಿವಾರ ನಮ್ಮ ಎಲ್ಲ ಪ್ರಾಥಮಿಕ ಶಾಲೆಗಳಲ್ಲಿ ಒಂದು ಓದುವ ದಿನ ಮಾಡೋಣ. ಅಂದು ಊರಿನ ದೊಡ್ಡವರು ಶಾಲೆಗೆ ಬಂದು ಮಕ್ಕಳ ಪಕ್ಕ ಕೂತು ಓದಲಿ. ಅಷ್ಟೇ ಕಾರ್ಯಕ್ರಮ.

ಆ ತಿಂಗಳೇ, ಆ ಶನಿವಾರವೇ ಯಾಕೆ ಎಂದರೆ, ಸೆಪ್ಟೆಂಬರ್ 8 ಅಂತಾರಾಷ್ಟ್ರೀಯ ಸಾಕ್ಷರತಾ ದಿನ. ಯುನೆಸ್ಕೊ ಇದನ್ನು 1966ರಲ್ಲಿ ಘೋಷಿಸಿತು. 1967ರಿಂದ ಜಗತ್ತಿನಾದ್ಯಂತ ಆಚರಿಸುತ್ತಿದ್ದಾರೆ. ನಮ್ಮ ಶಿಕ್ಷಣ ಇಲಾಖೆ ತಿಂಗಳ ಮೂರನೇ ಶನಿವಾರವನ್ನು 'ಸಂಭ್ರಮ ಶನಿವಾರ' ಎಂದು ಬ್ಯಾಗಿಲ್ಲದ ದಿನವಾಗಿ ಬಿಟ್ಟುಕೊಟ್ಟಿದೆ. ಹೀಗಾಗಿ ಪಾಠ ಕೆಡುತ್ತದೆ ಎಂಬ ಮಾತು ಬರುವುದಿಲ್ಲ. ಶನಿವಾರ ಬೆಳಗಿನ ಶಾಲೆ. ಡೈರಿಗೆ ಹಾಲು ಹಾಕಿ ನೇರವಾಗಿ ಶಾಲೆಗೆ ಬಂದವರು ಮಧ್ಯಾಹ್ನದ ಹೊತ್ತಿಗೆ ತೋಟಕ್ಕೆ ಹೋಗಬಹುದು. ಗ್ರಂಥಾಲಯ ಸಪ್ತಾಹ ಬರುವುದು ನವೆಂಬರ್ 14ರಿಂದ, ಆಗ ಮಾಡೋಣ ಎಂದು ಕೆಲವರು ಹೇಳಬಹುದು. ಆದರೆ ನವೆಂಬರಿನಲ್ಲಿ ರಾಗಿ ಕೊಯ್ಲು. ಕುಡುಗೋಲು ಹಿಡಿದವರನ್ನು ಪುಸ್ತಕ ಹಿಡಿಯಿರಿ ಎಂದು ಕರೆಯುವುದು ನ್ಯಾಯವಲ್ಲ. ಅಕ್ಟೋಬರಿನಲ್ಲಿ ದಸರಾ ರಜೆ. ಸೆಪ್ಟೆಂಬರ್ ನಮ್ಮ ಸೀಮೆಗೆ ಸರಿಯಾದ ತಿಂಗಳು.

ಇನ್ನು, ಓದಿ ಹೇಳುವುದರಿಂದ ಏನಾಗುತ್ತದೆ ಎಂಬುದಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಓದು ಎಂದರೆ ಅಕ್ಷರ ಗುರುತಿಸುವುದು ಎಂದೇ ನಮ್ಮಲ್ಲಿ ಬಹಳ ಜನ ತಿಳಿದಿದ್ದೇವೆ.

ಕನ್ನಡದ ಮಗು ಮೊದಲು ವರ್ಣಮಾಲೆ ಕಲಿಯಬೇಕು, ಆಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ. ಒಂದೊಂದು ವ್ಯಂಜನಕ್ಕೂ ಹತ್ತಾರು ರೂಪ. ಈ ದಾರಿ ದಾಟುವಾಗ ಮಗು ಒಂದೊಂದೇ ಅಕ್ಷರ ಬಿಡಿಸಿ ಕೂಡಿಸುತ್ತದೆ. 'ಕಲ್ಪವೃಕ್ಷ' ಎಂಬ ಪದ ಬಂದರೆ 'ಕ', 'ಲ', ಅದರ ಕೆಳಗೆ 'ಪ' ಒತ್ತು ಎಂದು ತಡವರಿಸುತ್ತ ಹೋಗುತ್ತದೆ. ವಾಕ್ಯದ ಕೊನೆ ಮುಟ್ಟುವ ಹೊತ್ತಿಗೆ ಮೊದಲು ಏನಿತ್ತು ಎಂಬುದು ಮರೆತಿರುತ್ತದೆ. ಪ್ರತಿ ಅಕ್ಷರವನ್ನೂ ಸರಿಯಾಗಿ ಹೇಳಿದೆ, ಆದರೂ ಕಥೆ ತಿಳಿಯಲಿಲ್ಲ. ಕಥೆ ತಿಳಿಯದ ಮೇಲೆ ಮತ್ತೆ ಆ ಪುಸ್ತಕ ಯಾಕೆ ಮುಟ್ಟಬೇಕು? ಮಗು ಸೋಮಾರಿಯಲ್ಲ, ದಡ್ಡನೂ ಅಲ್ಲ. ಓದಿದ್ದಕ್ಕೆ ಅದಕ್ಕೆ ಏನೂ ಸಿಕ್ಕಿಲ್ಲ.

ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು, ಸಾಲಿನ ಕೆಳಗೆ ಬೆರಳಾಡಿಸುತ್ತ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ದನಿ ಏರಿಸಿ ಇಳಿಸಿ ಓದಿದಾಗ ಮಗುವಿನ ಕಿವಿಗೆ ಇಡೀ ವಾಕ್ಯ ಒಟ್ಟಿಗೆ ಬೀಳುತ್ತದೆ. ಕಣ್ಣು ಅಕ್ಷರದ ಮೇಲಿರುತ್ತದೆ, ಕಿವಿ ಅರ್ಥದ ಮೇಲಿರುತ್ತದೆ. ಮುಂದೇನಾಯಿತು ಎಂಬ ಆಸೆ ಹುಟ್ಟುತ್ತದೆ. ಅದೇ ಕಥೆಯನ್ನು ಎರಡನೇ ಸಲ ತಾನೇ ಓದುವಾಗ ಒತ್ತಕ್ಷರ ಎದುರಾದರೂ ಮಗು ಹೆದರುವುದಿಲ್ಲ, ಯಾಕೆಂದರೆ ಅಲ್ಲಿ ಯಾವ ಮಾತು ಬರುತ್ತದೆ ಎಂಬುದು ಅದಕ್ಕೆ ಗೊತ್ತು.

ಇನ್ನೊಂದು ಅಡ್ಡಿಯೂ ಇದೆ. ನಮ್ಮ ಮನೆಯಲ್ಲಿ ಮಗು 'ಕಾಯಿ ಬಿದ್ದೈತೆ' ಎನ್ನುತ್ತದೆ. ಪುಸ್ತಕದಲ್ಲಿ 'ಕಾಯಿ ಬಿದ್ದಿದೆ' ಎಂದಿರುತ್ತದೆ. ದೊಡ್ಡವರಿಗೆ ಇದು ಏನೂ ಅಲ್ಲ. ಒಂದನೇ ತರಗತಿಯ ಮಗುವಿಗೆ ಪುಸ್ತಕದ ಕನ್ನಡ ಪರ ಊರಿನ ಮಾತಿನಂತೆ ಕೇಳುತ್ತದೆ. ಅದನ್ನು ಮನೆಯವರದೇ ಬಾಯಲ್ಲಿ, ಅಪ್ಪನ ಅಥವಾ ಅತ್ತೆಯ ದನಿಯಲ್ಲಿ ಮತ್ತೆ ಮತ್ತೆ ಕೇಳಿದಾಗ ಮಗುವಿಗೆ ಆ ಭಾಷೆ ತನ್ನದು ಅನ್ನಿಸುತ್ತದೆ. ಅದಕ್ಕೇ ಹೊರಗಿನ ಅತಿಥಿಗಿಂತ ಊರಿನವರು ಓದಬೇಕು ಎಂದು ಒತ್ತಿ ಹೇಳುತ್ತಿದ್ದೇನೆ.

2005ರಿಂದ ನಡೆಯುತ್ತಿರುವ 'ಅಸರ್' ಸಮೀಕ್ಷೆಗಳು ಹಳ್ಳಿಗಳ ಮನೆ ಮನೆಗೆ ಹೋಗಿ ಮಕ್ಕಳ ಓದನ್ನು ನೋಡುತ್ತವೆ. ಕರ್ನಾಟಕದ ಗ್ರಾಮೀಣ ಭಾಗದ ಮೂರನೇ ತರಗತಿಯ ಮಕ್ಕಳಲ್ಲಿ ಹೆಚ್ಚಿನವರಿಗೆ ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಲು ಬರುವುದಿಲ್ಲ ಎಂಬುದು ಅವುಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ. ಇದರ ಮೇಲೆ ಕೊರೊನಾ ಬಂತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. 2020ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಶಾಲೆಯ ಕೊಠಡಿಯಲ್ಲಿ ಕೂರುವಾಗ ಎರಡನೇ ತರಗತಿಯಲ್ಲಿತ್ತು. ಆ ಮಕ್ಕಳು ಈಗ ಮೇಲಿನ ತರಗತಿಗಳಿಗೆ ಹೋಗಿದ್ದಾರೆ. ಅವರ ತಮ್ಮ ತಂಗಿಯರು ಈಗ ನಮ್ಮ ಮುಂದಿದ್ದಾರೆ.

ಓದಿ ಹೇಳುವುದು ನಮಗೆ ಹೊಸದೇನಲ್ಲ. ಜೈಮಿನಿ ಭಾರತ ಬರೆದ ಲಕ್ಷ್ಮೀಶನ ದೇವನೂರು ಇರುವುದು ಪಕ್ಕದ ಕಡೂರು ಸೀಮೆಯಲ್ಲಿ. ಆ ಕಾವ್ಯವನ್ನೂ ಕುಮಾರವ್ಯಾಸನ ಭಾರತವನ್ನೂ ಹಳ್ಳಿಗಳ ಜಗಲಿಯಲ್ಲಿ ಒಬ್ಬರು ರಾಗವಾಗಿ ಓದುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು, ಉಳಿದವರು ಕೂತು ಕೇಳುತ್ತಿದ್ದರು. ಅಕ್ಷರ ಬಾರದವರ ಬಾಯಲ್ಲೂ ಪದ್ಯಗಳು ನಿಂತದ್ದು ಹೀಗೆ. ನಮ್ಮ ಸೀಮೆಯ ಮೂಡಲಪಾಯ ಕಲಾವಿದರು ರಾತ್ರಿಯಿಡೀ ಆಡುವ ಪ್ರಸಂಗಗಳನ್ನು ಕಲಿತದ್ದೂ ಭಾಗವತರ ಬಾಯಿಂದ ಕೇಳಿ ಕೇಳಿ. ಓದು ಎಂದರೆ ಒಬ್ಬನೇ ಮೂಲೆಯಲ್ಲಿ ಕೂತು ಬಾಯಿ ಮುಚ್ಚಿಕೊಂಡು ಮಾಡುವ ಕೆಲಸ ಎಂಬುದು ತೀರ ಈಚಿನದು. ದೊಡ್ಡವರಿಗಾಗಿ ಜಗಲಿಯ ಮೇಲೆ ನಡೆಯುತ್ತಿದ್ದ ಆ ಓದನ್ನು ಈಗ ಮಕ್ಕಳಿಗಾಗಿ ಶಾಲೆಯಂಗಳಕ್ಕೆ ತರಬೇಕಾಗಿದೆ.

ಅಂದು ಏನು ಮಾಡಬೇಕು ಎಂಬುದನ್ನು ಹೀಗೆ ಯೋಚಿಸಿದ್ದೇನೆ. ಪ್ರಾರ್ಥನೆ ಮುಗಿದ ಕೂಡಲೇ ಮಕ್ಕಳನ್ನು ಏಳೆಂಟು ಜನರ ಗುಂಪು ಮಾಡೋಣ. ಒಂದು ಗುಂಪಿಗೆ ಒಬ್ಬರು ಓದುವವರು. ಕೊಠಡಿ, ಜಗಲಿ, ಮರದ ನೆರಳು, ಹತ್ತಿರವಿದ್ದರೆ ದೇವಸ್ಥಾನದ ಅಂಗಳ, ಎಲ್ಲಿ ಬೇಕಾದರೂ ಚಾಪೆ ಹಾಸಿ ಕೂರಬಹುದು. ಗುಂಪು ದೊಡ್ಡದಾದರೆ ಹಿಂದೆ ಕೂತವರಿಗೆ ಚಿತ್ರ ಕಾಣುವುದಿಲ್ಲ, ಚಿತ್ರ ಕಾಣದ ಮಗು ಎದ್ದು ಹೋಗುತ್ತದೆ. ಮೊದಲ ಅರ್ಧ ಗಂಟೆ ದೊಡ್ಡವರು ಓದಲಿ. ಒಂದು ಪುಟ ಓದಿ, ಚಿತ್ರ ತೋರಿಸಿ, ಮುಂದೇನಾಗಬಹುದು ಎಂದು ಕೇಳಲಿ. ನೀತಿ ಏನು ಎಂದು ಕೇಳುವುದು ಬೇಡ. ಕಥೆ ಕೇಳಿ ನಕ್ಕ ಮಗುವಿಗೆ ಕಥೆ ಅರ್ಥವಾಗಿದೆ ಎಂದೇ ತಿಳಿಯೋಣ.

ಆಮೇಲೆ ಜೋಡಿ ಓದು. ಐದನೇ ತರಗತಿಯ ಹುಡುಗಿಯ ಪಕ್ಕ ಒಂದನೇ ತರಗತಿಯ ಮಗುವನ್ನು ಕೂರಿಸೋಣ. ದೊಡ್ಡ ಮಗು ಚಿಕ್ಕದಕ್ಕೆ ಓದಿ ಹೇಳಲಿ. ಐದನೇ ತರಗತಿಗೆ ಬಂದರೂ ಓದಲು ತಡವರಿಸುವ ಮಕ್ಕಳಿರುತ್ತಾರೆ. ಒಂದನೇ ತರಗತಿಯ ಪುಸ್ತಕ ಕೊಟ್ಟು ಓದು ಎಂದರೆ ಅವರಿಗೆ ಅವಮಾನ. ಚಿಕ್ಕವನಿಗೆ ಓದಿ ಹೇಳು ಎಂದರೆ ಅದೇ ಪುಸ್ತಕವನ್ನು ಅವರು ಖುಷಿಯಿಂದ ಹಿಡಿಯುತ್ತಾರೆ. ಇಬ್ಬರಿಗೂ ಓದು ಬರುತ್ತದೆ, ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

ಕೊನೆಯ ಒಂದು ಗಂಟೆ ಪುಸ್ತಕಗಳನ್ನೆಲ್ಲ ಚಾಪೆಯ ಮೇಲೆ ಹರಡಿಬಿಡೋಣ. ಯಾರಿಗೆ ಯಾವುದು ಬೇಕೋ ಎತ್ತಿಕೊಳ್ಳಲಿ. ಬರೀ ಚಿತ್ರ ನೋಡುವವರು ಚಿತ್ರ ನೋಡಲಿ. ಒಂದೇ ಪುಸ್ತಕವನ್ನು ನಾಲ್ಕು ಸಲ ನೋಡುವವರು ನೋಡಲಿ. ಎಲ್ಲರೂ ಒಟ್ಟಿಗೆ ಬಿಸಿಯೂಟ ಮಾಡಿ, ಪ್ರತಿ ಮಗುವೂ ಒಂದೊಂದು ಪುಸ್ತಕ ಮನೆಗೆ ಒಯ್ಯಲಿ. ಈ ಕೊನೆಯ ಮಾತು ಬಹಳ ಮುಖ್ಯ. ಪುಸ್ತಕ ಮನೆಗೆ ಹೋಗದಿದ್ದರೆ ಓದುವ ದಿನ ಆ ಮಧ್ಯಾಹ್ನಕ್ಕೇ ಮುಗಿದುಹೋಗುತ್ತದೆ.

'ನಮಗೇ ಓದು ಬರಲ್ಲ, ನಾವು ಬಂದು ಏನು ಮಾಡೋದು' ಎನ್ನುವ ತಾಯಂದಿರು, ಅಜ್ಜಿಯರು ಇದ್ದಾರೆ. ದಯವಿಟ್ಟು ನೀವೂ ಬನ್ನಿ. ನಿಮಗೆ ಗೊತ್ತಿರುವ ಒಂದು ಕಥೆ, ಎರಡು ಒಗಟು, ಬೀಸುವಾಗ ಹಾಡುತ್ತಿದ್ದ ಒಂದು ಪದ ಹೇಳಿ. ನಾಲ್ಕೈದನೇ ತರಗತಿಯ ಮಕ್ಕಳು ಅದನ್ನು ನಿಮ್ಮ ಮಾತಿನಲ್ಲೇ ಬರೆದುಕೊಳ್ಳುತ್ತಾರೆ, ಚಿಕ್ಕವರು ಚಿತ್ರ ಬರೆಯುತ್ತಾರೆ. ಆ ಹಾಳೆಗಳನ್ನು ಹೊಲಿದರೆ ಶಾಲೆಗೆ ಒಂದು ಹೊಸ ಪುಸ್ತಕ. ತಾನು ಕೇಳಿದ್ದು, ತಾನೇ ಬರೆದದ್ದು ಎಂಬ ಕಾರಣಕ್ಕೆ ಮಗು ಅದನ್ನು ಬೇರೆ ಯಾವ ಪುಸ್ತಕಕ್ಕಿಂತ ಸಲೀಸಾಗಿ ಓದುತ್ತದೆ. ಮನೆಯಲ್ಲಿ ಉರ್ದು, ತೆಲುಗು, ತಮಿಳು ಆಡುವ ಮಕ್ಕಳೂ ನಮ್ಮ ಶಾಲೆಗಳಲ್ಲಿದ್ದಾರೆ. ಅವರ ತಾಯಂದಿರು ತಮ್ಮ ಮಾತಿನಲ್ಲೇ ಕಥೆ ಹೇಳಲಿ. ಅಂದು ಯಾವ ಮಗುವೂ ತನ್ನ ಮನೆಮಾತಿಗೆ ನಾಚಿಕೊಳ್ಳಬಾರದು.

ಪುಸ್ತಕಕ್ಕೆ ಹಣ ಎಲ್ಲಿಂದ ಎಂದು ಕೇಳಬಹುದು. ಪ್ರತಿ ಶಾಲೆಯಲ್ಲೂ ಕಥೆಪುಸ್ತಕಗಳಿರುವ ಗ್ರಂಥಾಲಯ ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ನಮ್ಮ ಶಾಲೆಗೆ ಅದು ಬಂದಿದೆಯೇ, ಅದರಲ್ಲಿ ಯಾವ ಪುಸ್ತಕಗಳು ಬಂದಿವೆ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳುವುದು ನಿಮ್ಮ ಹಕ್ಕು. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರ ನವೆಂಬರಿನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಓದುವ ದಿನದಂದೇ ಗ್ರಂಥಪಾಲಕರನ್ನು ಶಾಲೆಗೆ ಕರೆದು ಎಲ್ಲ ಮಕ್ಕಳ ಹೆಸರು ಬರೆಸೋಣ.

ಬೆಂಗಳೂರಿನಲ್ಲಿ 2004ರಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಸಂಸ್ಥೆ ಚಿಕ್ಕ ಮಕ್ಕಳಿಗೆ ಓದಿನ ಮಟ್ಟಕ್ಕೆ ತಕ್ಕಂತೆ ತೆಳುವಾದ ಚಿತ್ರಪುಸ್ತಕಗಳನ್ನು ಕಡಿಮೆ ಬೆಲೆಗೆ ತಂದಿದೆ. 2015ರ ಸೆಪ್ಟೆಂಬರ್ 8ರಂದು ಅದು ತೆರೆದ 'ಸ್ಟೋರಿವೀವರ್' ತಾಣದಲ್ಲಿ ಕನ್ನಡದ ಕಥೆಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಉರ್ದು, ತೆಲುಗು, ತಮಿಳಿನ ಕಥೆಗಳೂ ಅಲ್ಲಿವೆ. ಇದೇ ಸಂಸ್ಥೆ ಸಾಕ್ಷರತಾ ದಿನದ ಸುಮಾರಿಗೆ 'ಒಂದು ದಿನ, ಒಂದು ಕಥೆ' ಎಂದು ಒಂದೇ ಕಥೆಯನ್ನು ಹಲವು ಭಾಷೆಗಳಲ್ಲಿ ಊರೂರಿನ ಸ್ವಯಂಸೇವಕರಿಂದ ಮಕ್ಕಳಿಗೆ ಓದಿಸುತ್ತ ಬಂದಿದೆ. ಕೇರಳದವರು ಗ್ರಂಥಾಲಯ ಚಳವಳಿಯ ಪಿ. ಎನ್. ಪಣಿಕ್ಕರ್ ತೀರಿಕೊಂಡ ಜೂನ್ 19ನ್ನು ಓದಿನ ದಿನವಾಗಿ 1996ರಿಂದ ಆಚರಿಸುತ್ತಿದ್ದಾರೆ. ಮಹಾರಾಷ್ಟ್ರದಲ್ಲಿ ಅಬ್ದುಲ್ ಕಲಾಂ ಹುಟ್ಟಿದ ಅಕ್ಟೋಬರ್ 15 ಓದಿಗೆ ಮೀಸಲು. ನಾವು ಮಾಡಹೊರಟಿರುವುದು ಬೇರೆಯವರು ಮಾಡಿ ನೋಡಿರುವ ಕೆಲಸವೇ.

ಪುಸ್ತಕ ಆರಿಸುವಾಗ ಒಂದು ಮಾತು ನೆನಪಿಡೋಣ. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ, ಕುವೆಂಪು ಮಕ್ಕಳಿಗೆ ಬರೆದದ್ದು ಇರಲೇಬೇಕು. ಜೊತೆಗೆ ಈಗಿನವರು ಬರೆದದ್ದೂ ಇರಲಿ. ನಮ್ಮ ಸೀಮೆಯವರೇ ಆದ ಸಾಹಿತಿ ತೀನಂಶ್ರೀ 1906ರಲ್ಲಿ ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ, ಸಾ. ಶಿ. ಮರುಳಯ್ಯ 1931ರಲ್ಲಿ ಅದೇ ತಾಲ್ಲೂಕಿನ ಸಾಸಲಿನಲ್ಲಿ ಎಂದು ಮಕ್ಕಳಿಗೆ ಹೇಳೋಣ. ಪುಸ್ತಕ ಬರೆಯುವವರು ಎಲ್ಲೋ ದೂರದವರು ಎಂಬ ಭಾವನೆ ಹೋಗಬೇಕು. ನಮ್ಮ ಹಾಗೆ ತೆಂಗಿನ ತೋಟದ ನಡುವೆ ಬೆಳೆದವರೂ ಬರೆಯುತ್ತಾರೆ ಎಂದು ತಿಳಿದ ಮಗುವಿಗೆ ತಾನೂ ಬರೆಯಬಹುದು ಅನ್ನಿಸುತ್ತದೆ.

ಎಸ್‌ಡಿಎಂಸಿಯವರಲ್ಲಿ ಒಂದು ವಿಶೇಷ ಕೋರಿಕೆ. ಎಷ್ಟೋ ಶಾಲೆಗಳಲ್ಲಿ ಒಳ್ಳೆಯ ಪುಸ್ತಕಗಳಿದ್ದರೂ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿರುತ್ತವೆ. ಇದಕ್ಕೆ ಮೇಷ್ಟ್ರುಗಳ ನಿರ್ಲಕ್ಷ್ಯ ಕಾರಣವಲ್ಲ. ಪುಸ್ತಕಗಳು ದಾಸ್ತಾನು ವಹಿಯಲ್ಲಿರುತ್ತವೆ, ಹರಿದರೆ, ಕಳೆದರೆ ಲೆಕ್ಕ ಯಾರು ಕೊಡಬೇಕು ಎಂಬ ಅಂಜಿಕೆ. ಗ್ರಂಥಾಲಯ ಶಾಸ್ತ್ರವನ್ನು ಕಟ್ಟಿದ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಮೊದಲ ಸ್ಥಾನ ಕೊಟ್ಟದ್ದು ಪುಸ್ತಕದ ಬಳಕೆಗೆ. ಮಕ್ಕಳು ಓದುವಾಗ ಹರಿದ ಪುಸ್ತಕಕ್ಕೆ ಶಿಕ್ಷಕರನ್ನು ಹೊಣೆ ಮಾಡುವುದಿಲ್ಲ, ಹೊಸದನ್ನು ಊರಿನವರು ಕೊಡಿಸುತ್ತೇವೆ ಎಂದು ನೀವು ಸಭೆಯ ನಡಾವಳಿಯಲ್ಲಿ ಬರೆದು ಸಹಿ ಮಾಡಿ. ಆ ಒಂದು ಠರಾವು ಬೀರುವಿನ ಬೀಗ ತೆಗೆಯುತ್ತದೆ.

ಅಂದು ಬೇಡವಾದದ್ದನ್ನೂ ಹೇಳಿಬಿಡುತ್ತೇನೆ. ಶಾಮಿಯಾನ ಬೇಡ, ಮೈಕ್ ಬೇಡ, ಹಾರ ತುರಾಯಿ ಬೇಡ. ವೇದಿಕೆ ಕಟ್ಟಿದರೆ ಭಾಷಣಕ್ಕೆ ಎರಡು ಗಂಟೆ ಹೋಗುತ್ತದೆ, ಮಕ್ಕಳು ಬಿಸಿಲಲ್ಲಿ ಚಪ್ಪಾಳೆ ತಟ್ಟುತ್ತ ಕೂರುತ್ತಾರೆ. ಮುಖಂಡರು ಬರುವುದಾದರೆ ಸಂತೋಷ, ಅವರ ಕೈಗೂ ಒಂದು ಪುಸ್ತಕ ಕೊಟ್ಟು ಒಂದು ಗುಂಪಿನ ನಡುವೆ ಕೂರಿಸೋಣ. ಓದುವ ಸ್ಪರ್ಧೆಯೂ ಬೇಡ. ಸ್ಪರ್ಧೆಯಲ್ಲಿ ಗೆಲ್ಲುವುದು ಚೆನ್ನಾಗಿ ಓದಬಲ್ಲ ಮೂರು ಮಕ್ಕಳು. ಈ ದಿನ ಇರುವುದು ಉಳಿದವರಿಗಾಗಿ.

'ಕನ್ನಡ ಓದಿಸಿ ಏನು ಪ್ರಯೋಜನ, ಇಂಗ್ಲಿಷ್ ಬೇಕಲ್ಲ' ಎನ್ನುವ ತಂದೆ ತಾಯಂದಿರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ತಿಪಟೂರಿನ ಕಾನ್ವೆಂಟಿಗೆ ವ್ಯಾನಿನಲ್ಲಿ ಮಗುವನ್ನು ಕಳಿಸುವವರ ಕಷ್ಟವೂ ಗೊತ್ತು. ಆದರೆ ಅರ್ಥ ಮಾಡಿಕೊಂಡು ಓದುವ ಅಭ್ಯಾಸ ಒಂದು ಭಾಷೆಯಲ್ಲಿ ಗಟ್ಟಿಯಾದರೆ ಅದು ಎರಡನೆಯದಕ್ಕೆ ದಾಟುತ್ತದೆ. ತನಗೆ ತಿಳಿಯುವ ಭಾಷೆಯಲ್ಲೇ ಓದಲಾರದ ಮಗು ತಿಳಿಯದ ಭಾಷೆಯಲ್ಲಿ ಓದುವುದು ಬರೀ ಬಾಯಿಪಾಠ. ಕಾನ್ವೆಂಟಿಗೆ ಹೋಗುವ ಮಕ್ಕಳೂ ಅಂದು ಬರಲಿ. ಅವರಿಗೂ ಕನ್ನಡದ ಕಥೆ ಬೇಕು.

ಒಂದು ದಿನದಿಂದ ಎಲ್ಲ ಆಗಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು ಎಂಬುದು ನಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮಗುವಿನ ಓದಿಗೂ ಅಂಥದೇ ತಾಳ್ಮೆ ಬೇಕು. ಆದ್ದರಿಂದ ಓದುವ ದಿನದ ಮಾರನೇ ವಾರದಿಂದ ಪ್ರತಿ ಶನಿವಾರ ಅರ್ಧ ಗಂಟೆ ಯಾರಾದರೂ ಇಬ್ಬರು ಊರಿನವರು ಶಾಲೆಗೆ ಹೋಗಿ ಓದುವ ಸರದಿ ಮಾಡಿಕೊಳ್ಳೋಣ. ಮಕ್ಕಳ ಸಂಖ್ಯೆ ತೀರ ಕಡಿಮೆಯಿರುವ ಶಾಲೆಗಳು ಪಕ್ಕದ ಊರಿನ ಶಾಲೆಯ ಜೊತೆ ಸೇರಿ ಮಾಡಬಹುದು. ಶಾಲೆಗಳ ನಡುವೆ ಪುಸ್ತಕ ಅದಲು ಬದಲು ಮಾಡುವುದಕ್ಕೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ (ಸಿಆರ್‌ಪಿ) ನೆರವು ಕೇಳೋಣ.

ಈಗ ಒಬ್ಬೊಬ್ಬರಿಗೂ ಒಂದೊಂದು ಕೆಲಸ. ಎಸ್‌ಡಿಎಂಸಿಯವರು ಈ ತಿಂಗಳ ಸಭೆಯಲ್ಲಿ ದಿನ ಗೊತ್ತು ಮಾಡಿ, ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಮೇಲೆ ಹೇಳಿದ ಠರಾವು ಬರೆಯಿರಿ. ಡೈರಿಯವರು, ಸೊಸೈಟಿಯವರು ನಿಮ್ಮ ಬೋರ್ಡಿನ ಮೇಲೆ ದಿನ, ಹೊತ್ತು ಬರೆದು ಹಾಕಿ, ಊರಿನ ಎಲ್ಲರೂ ಕಾಣುವ ಜಾಗ ಅದು. ಸ್ತ್ರೀಶಕ್ತಿ ಸಂಘದ ಅಕ್ಕಂದಿರು ಸಂಘಕ್ಕೆ ಇಬ್ಬರಂತೆ ಓದಲು, ಕಥೆ ಹೇಳಲು ಹೆಸರು ಕೊಡಿ. ಬೆಂಗಳೂರು, ತುಮಕೂರಿನಲ್ಲಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳು ಆ ವಾರ ಊರಿಗೆ ಬನ್ನಿ, ಬರುವಾಗ ಮಕ್ಕಳ ಪುಸ್ತಕ ತನ್ನಿ. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಹಿಂದಿನ ದಿನವೇ ಶಾಲೆಗೆ ಹೋಗಿ ಓದಬೇಕಾದ ಕಥೆಯನ್ನು ಒಂದೆರಡು ಸಲ ಗಟ್ಟಿಯಾಗಿ ಓದಿ ರೂಢಿ ಮಾಡಿಕೊಳ್ಳಿ.

ತಂದೆ ತಾಯಂದಿರಲ್ಲಿ ನನ್ನ ಕೊನೆಯ ಮಾತು. ಅಂದು ಒಂದು ಬೆಳಗ್ಗೆ ನಿಮ್ಮ ಕೆಲಸ ಬಿಟ್ಟು ಬನ್ನಿ. ಮೊಬೈಲನ್ನು ಜೇಬಿನಲ್ಲೇ ಇಟ್ಟು, ನಿಮ್ಮ ಮಗುವಿನ ಜೊತೆಗೆ ಇನ್ನೂ ಆರು ಮಕ್ಕಳನ್ನು ಕೂರಿಸಿಕೊಂಡು ಒಂದು ಕಥೆಯನ್ನು ಮೊದಲಿಂದ ಕೊನೆಯವರೆಗೆ ಓದಿ. ಮಕ್ಕಳ ಸಾಹಿತ್ಯಕ್ಕೆ ಒಬ್ಬ ಲೇಖಕರನ್ನು ಕೊಟ್ಟ ಊರು ಈ ಬಿಳಿಗೆರೆ. ಇನ್ನು ಮುಂದೆ ಓದುವ ಮಕ್ಕಳನ್ನು ಕೊಡುವ ಹೊಣೆ ನಮ್ಮೆಲ್ಲರದು. ದಯವಿಟ್ಟು ಈ ವಾರವೇ ನಿಮ್ಮ ಶಾಲೆಗೆ ಹೋಗಿ, ಮುಖ್ಯ ಶಿಕ್ಷಕರ ಹತ್ತಿರ ನಿಮ್ಮ ಹೆಸರು ಬರೆಸಿ.

ಇಂತಿ ವಿಶ್ವಾಸದ,
ಬಿಳಿಗೆರೆಯ ಒಬ್ಬ ಓದುಗ